ಚೆನ್ನಾಗಿ ಕಾಣಲ್ಲ

ನಮ್ಮ ಆಫೀಸಿನಲ್ಲಿ ಮೂರು ವರ್ಷದಿಂದ ಹುಲ್ಲು ಬೆಳೆಯುತ್ತಿದ್ದೇವೆ. ತಮಾಷೆಗೆ ಹೇಳುತ್ತಿಲ್ಲ. ಕಿಟಕಿಗೆಲ್ಲ ಕಪ್ಪು ಪರದೆ ಎಳೆದ ಒಂದು ದೊಡ್ಡ ಕೋಣೆ, ಅದರೊಳಗೆ ಸಾಲಾಗಿ ಕೂತ ಜನ, ಅವರ ಮುಂದೆ ಒಂದೊಂದು ಸ್ಕ್ರೀನು, ಸ್ಕ್ರೀನಿನ ತುಂಬ ಹುಲ್ಲು. ಗಾಳಿ ಬೀಸಿದರೆ ಬಾಗುವ ಹುಲ್ಲು. ಕುದುರೆ ಓಡಿದರೆ ನೆಲಕ್ಕೆ ಮಲಗಿ, ಆಮೇಲೆ ಮೈಮುರಿದುಕೊಂಡು ಮೆಲ್ಲಗೆ ಏಳುವ ಹುಲ್ಲು. ಬೆಳಿಗ್ಗೆಗೆ ಒಂದು ಬಣ್ಣ, ಸಂಜೆಗೆ ಇನ್ನೊಂದು. ಈ ಬೇಸಾಯದ ಮುಖ್ಯಸ್ಥ ಒಬ್ಬ ಚಿತ್ರಗಾರ. ಮೂವತ್ತು ದಾಟಿದವನು, ಆಗಲೇ ನೆತ್ತಿ ಬೋಳಾಗಿದೆ. ತಲೆಯಲ್ಲಿದ್ದದ್ದನ್ನೆಲ್ಲ ಕಿತ್ತು ಕಂಪ್ಯೂಟರಿನಲ್ಲಿ ನೆಟ್ಟಿದ್ದಾನೆ ಎಂದು ಹೇಳಿ ಅವನಿಗೆ ಹುಲ್ಲಪ್ಪ ಎಂದು ಹೆಸರಿಟ್ಟವಳು ನಾನೇ. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ನನಗೆ ಗುರುತಕ್ಕ ಎಂದು ಹೆಸರಿಟ್ಟು ಸೇಡು ತೀರಿಸಿಕೊಂಡ.

ಹೆಸರೇನೋ ಸರಿಯಾಗಿಯೇ ಇದೆ. ನಾವು ಮಾಡುವುದು ಯುದ್ಧದ ಆಟ. ಗುಂಡು ಹಾರಿಸಿ ಓಡುವ ಆಟವಲ್ಲ, ಕೂತು ಯೋಚಿಸಿ ಆಡುವ ಆಟ. ಹದ್ದು ಮೇಲಿನಿಂದ ನೋಡಿದ ಹಾಗೆ ಇಡೀ ನಾಡು ಕಣ್ಣ ಮುಂದಿರುತ್ತದೆ. ಎಲ್ಲಿ ಕೋಟೆ ಕಟ್ಟಬೇಕು, ಯಾವ ಕಣಿವೆಯಲ್ಲಿ ದಂಡು ಅಡಗಿಸಬೇಕು, ಹೊಳೆಯನ್ನು ಎಲ್ಲಿ ದಾಟಬೇಕು ಎಂದು ಆಡುವವರು ತಲೆ ಓಡಿಸಬೇಕು. ‘ಗಡಿಕಾಳಗ’ ಎಂದು ಹೆಸರು. ಒಂದಾದ ಮೇಲೊಂದು ಆರು ಭಾಗ ಬಂದಿವೆ, ಈಗ ಏಳನೆಯದು ಬರಬೇಕು. ದಂಡಿನ ತಲೆಯ ಮೇಲೆ ನಿಲ್ಲುವ ಗುರುತುಗಳನ್ನು ಬರೆಯುವವಳು ನಾನು. ಬಿಲ್ಲುಗಾರರಿಗೆ ಹಳದಿ ತ್ರಿಕೋನ, ಕುದುರೆಪಡೆಗೆ ಕೆಂಪು ಅರ್ಧಚಂದ್ರ, ಕಾಲಾಳುಗಳಿಗೆ ನೀಲಿ ಚೌಕ. ಮೊದಲನೇ ಭಾಗದಲ್ಲಿ ಇವನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ನಮ್ಮ ಕಂಪನಿಯ ಯಜಮಾನರು ಆಗ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಅವರು ಆಟ ಕಟ್ಟಿದರು, ನಾನು ಬಣ್ಣದ ಚುಕ್ಕಿ ಇಟ್ಟೆ. ಬೂದು ಬಣ್ಣದ ನೆಲ, ಅದರ ಮೇಲೆ ನನ್ನ ಚುಕ್ಕಿಗಳು. ಅದನ್ನೇ ಜನ ಊಟ ನಿದ್ದೆ ಬಿಟ್ಟು ಆಡಿದರು.

ಆಮೇಲೆ ಶುರುವಾಯಿತು ಸಿಂಗಾರ. ಎರಡನೇ ಭಾಗಕ್ಕೆ ಮರ ಬಂತು, ಮೂರನೆಯದಕ್ಕೆ ಮರಕ್ಕೆ ನೆರಳು ಬಂತು, ನಾಲ್ಕನೆಯದಕ್ಕೆ ಆ ನೆರಳು ನೀರಿನಲ್ಲಿ ಅಲುಗಾಡಿತು. ಗ್ರಾಫಿಕ್ಸ್ ಎಷ್ಟು ಮುಖ್ಯ ಎನ್ನುವುದು ನಮ್ಮ ಆಫೀಸಿನ ಮುಗಿಯದ ಜಗಳ. ಕಾಫಿ ಯಂತ್ರದ ಹತ್ತಿರ ಇಬ್ಬರು ನಿಂತರೆ ಸಾಕು, ಹೊತ್ತಿಕೊಳ್ಳುತ್ತದೆ. ಹೊರಗೆ ಥಳುಕು ಒಳಗೆ ಹುಳುಕು ಎಂದು ನಾನು ಅಂದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹುಲ್ಲಪ್ಪ ಅನ್ನುತ್ತಾನೆ. ಅವನ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಹೊಸಬರು ಆಟ ಕೊಳ್ಳುವುದು ಚಿತ್ರ ನೋಡಿಯೇ. ಒಳಗಿನ ಯೋಚನೆ ಎಷ್ಟು ಆಳ ಎಂದು ಡಬ್ಬಿಯ ಮೇಲೆ ಅಚ್ಚು ಹಾಕಲಾಗುವುದಿಲ್ಲ. ಆರನೇ ಭಾಗಕ್ಕೆ ಪತ್ರಿಕೆಯವರು ‘ಅದೇ ಹಳೇ ಮುಖ’ ಎಂದು ಬರೆದಾಗ ನನಗೂ ಚುರ್ ಎಂದಿತ್ತು. ಆದರೆ ಆರು ಭಾಗ ಜೊತೆಗೆ ಬಂದವರು ಮುಖ ನೋಡಿ ಬಂದವರಲ್ಲ. ಹೊಳೆ ಎಲ್ಲಿದೆ, ವೈರಿ ಎಲ್ಲಿದ್ದಾನೆ, ಅವರಿಗೆ ಬೇಕಾದದ್ದು ಅಷ್ಟೇ. ಇದನ್ನು ಹೇಳಿ ಹೇಳಿ ನನ್ನ ಬಾಯಿ ಒಣಗಿತು. ನನ್ನ ಮಾತಿಗೆ ಹುಲ್ಲುಕಡ್ಡಿಯ ಬೆಲೆಯೂ ಇಲ್ಲ ಎನ್ನೋಣವೆಂದರೆ, ನಮ್ಮಲ್ಲಿ ಹುಲ್ಲುಕಡ್ಡಿಗೇ ಎಲ್ಲಕ್ಕಿಂತ ಹೆಚ್ಚು ಬೆಲೆ.

ಬರೀ ಆಟದ ಚಿಂತೆಯಾಗಿದ್ದರೆ ಸಂಬಳ ತೆಗೆದುಕೊಂಡು ತೆಪ್ಪಗಿರುತ್ತಿದ್ದೆ. ನನ್ನ ಚಿಂತೆ ಭಾವನದು. ಅಕ್ಕನ ಗಂಡ, ಅಚ್ಚಿನ ಮನೆಯಲ್ಲಿ ಅಕ್ಷರದ ಮೊಳೆ ಜೋಡಿಸುತ್ತ ಜೋಡಿಸುತ್ತ ತಲೆ ಹಣ್ಣಾದವರು. ಅಕ್ಕ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ, ನನ್ನ ಮನೆಯಿಂದ ಎರಡು ಬೀದಿ ಆಚೆ, ಮೂರನೇ ಮಹಡಿಯಲ್ಲಿ. ಮಕ್ಕಳಿಲ್ಲ. ನನ್ನ ಮನೆಗೆ ಬಂದುಬಿಡಿ ಎಂದರೆ ನಿನ್ನ ಗೊರಕೆಯ ವಿಷಯ ನಿಮ್ಮಕ್ಕನೇ ಹೇಳಿದ್ದಾಳೆ ಎಂದು ಜಾರಿಕೊಳ್ಳುತ್ತಾರೆ. ಸಂಜೆ ದೀಪ ಹಾಕುವ ಹೊತ್ತಿಗೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಆ ಕಡೆ ಇಬ್ಬರು ಗೆಳೆಯರು: ಒಬ್ಬರು ಕ್ಷೌರದ ಅಂಗಡಿಯವರು, ಇನ್ನೊಬ್ಬರು ಪೋಸ್ಟ್‌ಮಾಸ್ಟರಾಗಿ ನಿವೃತ್ತರಾಗಿ ದೂರದ ಊರು ಸೇರಿದವರು. ಮೂವರೂ ಮೊದಲನೇ ಭಾಗದಿಂದ ಒಟ್ಟಿಗೆ ಆಡಿದವರು. ಒಬ್ಬರ ಕೋಟೆಯನ್ನು ಇನ್ನೊಬ್ಬರು ಸುಡುತ್ತ, ಬೈದುಕೊಳ್ಳುತ್ತ, ನಡುವೆ ಮಂಡಿನೋವಿನ ಮಾತಾಡುತ್ತ ಊಟದ ಹೊತ್ತಿನವರೆಗೆ ಕಾಲ ಕಳೆಯುತ್ತಾರೆ. ಆ ಮನೆಯಲ್ಲಿ ಮನುಷ್ಯರ ದನಿ ಕೇಳುವುದು ಆಗ ಮಾತ್ರ.

ಏಳನೇ ಭಾಗ ಬಿಡುಗಡೆಯಾದ ದಿನ ಆರನೆಯದನ್ನು ಮುಚ್ಚುತ್ತಾರೆ. ಆಡುವವರನ್ನು ಒಬ್ಬರಿಗೊಬ್ಬರು ಕೂಡಿಸುವ ಸರ್ವರ್ ಹೊಸದಕ್ಕೆ ಬೇಕಾಗುತ್ತದೆ. ಹಿಂದಿನ ಎಲ್ಲ ಭಾಗಕ್ಕೂ ಹೀಗೆಯೇ ಮಾಡಿದ್ದು. ಗೆಳೆಯರಿಬ್ಬರೂ ಹೊಸದಕ್ಕೆ ಹೋಗುತ್ತಾರೆ. ಭಾವನಿಗೆ ಹೊಸದನ್ನು ಆಡಲು ಆಗದೇ ಹೋದರೆ ಅವರ ಸಂಜೆಗಳು ಅಲ್ಲಿಗೆ ಮುಗಿದ ಹಾಗೆ. ಆರನೆಯದರಲ್ಲೇ ಅವರಿಗೆ ಏನೋ ತೊಂದರೆಯಿತ್ತು. ಹೇಗಿದೆ ಭಾವ ಎಂದು ಕೇಳಿದಾಗಲೆಲ್ಲ ‘ಚೆನ್ನಾಗಿ ಕಾಣಲ್ಲ’ ಎನ್ನುತ್ತಿದ್ದರು. ಹೇಳುವಾಗಲೂ ನನಗೆ ಮುಖ ಕೊಡುತ್ತಿರಲಿಲ್ಲ, ಗೋಡೆಯ ಕಡೆ ತಿರುಗಿರುತ್ತಿದ್ದರು. ನನ್ನದೂ ಅಕ್ಕನದೂ ಒಂದೇ ಅಚ್ಚಿನ ಮುಖ. ನೋಡಿದರೆ ಸಂಕಟವಾಗುತ್ತದೇನೋ ಎಂದು ನಾನೂ ಕೆದಕಲಿಲ್ಲ.

ಏಳನೇ ಭಾಗವನ್ನು ಮೊದಲ ಸಲ ಇಡಿಯಾಗಿ ತೋರಿಸಿದ ದಿನ ಕಪ್ಪು ಪರದೆಯ ಕೋಣೆಯಲ್ಲಿ ಎಲ್ಲರೂ ಸೇರಿದ್ದೆವು. ಗೋಡೆಯಗಲದ ಪರದೆಯ ಮೇಲೆ ಹುಲ್ಲುಗಾವಲು ಬಂತು. ಸುಳ್ಳೇಕೆ ಹೇಳಲಿ, ಒಂದು ಗಳಿಗೆ ನಾನೂ ಬಾಯಿ ಬಿಟ್ಟುಕೊಂಡು ನೋಡಿದೆ. ಆಮೇಲೆ ಎರಡು ದಂಡುಗಳು ಎದುರಾದವು. ಯಾರು ನಮ್ಮವರು, ಯಾರು ಅವರವರು, ಬಿಲ್ಲುಗಾರರು ಎಲ್ಲಿ ಹೋದರು, ಒಂದೂ ತಿಳಿಯಲಿಲ್ಲ. ಮೊಣಕಾಲೆತ್ತರದ ಹುಲ್ಲು, ಅದರ ಮೇಲೆ ಇಳಿಬಿಸಿಲು, ಬಿಸಿಲಿಗೆ ಧೂಳು. ನನ್ನ ಗುರುತುಗಳನ್ನು ನಾನೇ ಹುಡುಕಬೇಕಾಯಿತು. ದೀಪ ಹಾಕಿದ ಮೇಲೆ ಯಜಮಾನರು ಒಂದು ಮಾತು ಹೇಳಿದರು: ಚಿತ್ರ ಇಷ್ಟು ಚಂದ ಬಂದಿದೆ, ಅದರ ಮೇಲೆ ಈ ತ್ರಿಕೋನ ಚೌಕ ಎಲ್ಲ ದೃಷ್ಟಿಬೊಟ್ಟಿನ ಹಾಗಿವೆ, ತೆಗೆದುಬಿಡೋಣ.

ನನಗೆ ಸಿಟ್ಟು ಕೂಡ ಬರಲಿಲ್ಲ, ಅಷ್ಟು ಸುಸ್ತಾಗಿತ್ತು. ಇಷ್ಟೆಲ್ಲ ಸಿಂಗಾರ ಬೇಕು ಎಂದು ಕೇಳಿದವರು ಯಾರು ಯಜಮಾನ್ರೇ ಎಂದೆ. ಅವರು ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ಮೂರು ವರ್ಷದಿಂದ ಆಳೆತ್ತರದ ಅಕ್ಷರದಲ್ಲಿ ‘ಚೆನ್ನಾಗಿ ಕಾಣಬೇಕು’ ಎಂದು ಬರೆಸಿದ್ದಾರೆ.

“ನಿಮ್ಮ ಭಾವನೇ ಕೇಳಿದ್ದು,” ಎಂದರು. “ಆರನೇ ಭಾಗ ಬಂದಾಗ ಹಳೇ ಆಟಗಾರರನ್ನೆಲ್ಲ ಕರ್ಸಿದ್ವಲ್ಲ, ಅವತ್ತು. ಸ್ವಲ್ಪ ಹೊತ್ತು ಆಡಿದ್ರು, ಎದ್ದು ನಿಂತ್ರು, ಚೆನ್ನಾಗಿ ಕಾಣಲ್ಲ ಅಂದ್ರು, ಹೊರಟೋದ್ರು. ಮೊದಲನೇ ಭಾಗದಿಂದ ಆಡ್ದೋರು ಅಂಥ ಮಾತು ಹೇಳಿದ್ಮೇಲೆ ಇನ್ಯಾರು ಹೇಳ್ಬೇಕು?”

ನನಗೆ ನಗು ಬಂತು. ತಡೆಯಲಾಗದೆ ಕುರ್ಚಿಯಲ್ಲಿ ಬಾಗಿ ನಕ್ಕೆ. ಎಲ್ಲರೂ ನನ್ನನ್ನು ನೋಡುತ್ತಿದ್ದರು. ಕಾಣುವುದು ಎಂಬ ಒಂದು ಮಾತು ಎರಡು ಕಡೆ ದುಡಿಯುತ್ತದೆ. ಮದುಮಗಳು ಚೆನ್ನಾಗಿ ಕಾಣುತ್ತಾಳೆ ಎಂದರೆ ಚಂದ ಇದ್ದಾಳೆ ಎಂದು. ಅಂಗಡಿಯ ಬೋರ್ಡು ಚೆನ್ನಾಗಿ ಕಾಣುತ್ತದೆ ಎಂದರೆ ದೂರದಿಂದಲೇ ಓದಬಹುದು ಎಂದು. ನನ್ನ ಭಾವ ಅಚ್ಚಿನ ಮನೆಯವರು. ಹುಟ್ಟಿದಾಗಿನಿಂದ ಯಾವುದನ್ನೂ ಚಂದ ಎಂದವರಲ್ಲ. ಅಕ್ಕ ಹೊಸ ಬಟ್ಟೆ ಉಟ್ಟು ಎದುರು ನಿಂತರೂ ‘ಅಳತೆ ಸರಿಯಾಗಿದೆ’ ಎಂದವರು. ಹಾಳೆ ಎತ್ತಿ ಹಿಡಿದು ಚೆನ್ನಾಗಿ ಕಾಣಲ್ಲ ಎಂದರೆ ಅಕ್ಷರ ಮೂಡಿಲ್ಲ, ಮಸಿ ಸಾಲದು ಎಂದು ಅರ್ಥ. ಗುರುತು ಮಸುಕಾಗಿದೆ, ತಿಳಿ ಮಾಡಿ ಎಂದು ಅವರು ಹೇಳಿದ್ದು. ನೀವು ಅದಕ್ಕೆ ಪೌಡರು ಹಚ್ಚಿದಿರಿ ಎಂದು ಯಜಮಾನರಿಗೆ ಬಿಡಿಸಿ ಹೇಳಿದೆ. ಅವರು ಗೋಡೆಯ ಮೇಲಿನ ಅಕ್ಷರಗಳನ್ನು ಹೊಸದಾಗಿ ಓದುವವರ ಹಾಗೆ ನೋಡುತ್ತ ಕೂತುಬಿಟ್ಟರು. ಹುಲ್ಲಪ್ಪ ಎದ್ದು ಹೊರಗೆ ಹೋದ. ಅವನ ಮೂರು ವರ್ಷದ ಬದುಕು ಒಂದು ಮಾತಿನ ತಪ್ಪು ಅರ್ಥದ ಮೇಲೆ ನಿಂತಿತ್ತು ಎಂದು ಎಲ್ಲರೆದುರು ಹೇಳಿದ್ದೆ, ಅದಕ್ಕೆ ನನಗೂ ಕೆಟ್ಟದೆನಿಸಿತು.

ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವ ಹಾಗೆ ಆಮೇಲೆ ಕೆಲಸ ಶುರುವಾಯಿತು. ಹುಲ್ಲನ್ನು ಕೀಳಲು ಯಾರಿಗೂ ಮನಸ್ಸಿಲ್ಲ, ಕಾಲವೂ ಇಲ್ಲ. ಅದಕ್ಕೊಂದು ಉಪಾಯ ಮಾಡಿದೆವು. ಒಂದು ಕೀ ಒತ್ತಿದರೆ ಹುಲ್ಲು ನೆರಳು ಧೂಳು ಎಲ್ಲ ಮಾಯವಾಗಿ, ಬೂದು ನೆಲದ ಮೇಲೆ ನನ್ನ ಗುರುತುಗಳು ದೊಡ್ಡದಾಗಿ ನಿಲ್ಲಬೇಕು. ಸಾದಾ ನೋಟ ಎಂದು ಅದಕ್ಕೆ ಹೆಸರು. ಹೇಳುವುದು ಸುಲಭ. ನಾನೂ ಹುಲ್ಲಪ್ಪನೂ ಅಕ್ಕಪಕ್ಕ ಕೂತು ತಿಂಗಳುಗಟ್ಟಲೆ ಎತ್ತು ಏರಿಗೆ ಕೋಣ ನೀರಿಗೆ ಎಂದು ಎಳೆದಾಡಿದೆವು. ಒಂದು ಬಣ್ಣ ಬದಲಿಸಿದರೆ ಇಡೀ ಆಟ ಮುಗ್ಗರಿಸುತ್ತಿತ್ತು. ಕತ್ತು ಹಿಡಿದುಕೊಂಡು, ಕಣ್ಣು ಉರಿದು, ಮನೆಗೆ ಬಂದರೆ ಸೋಫಾದಲ್ಲಿ ಚಪ್ಪಲಿ ಬಿಚ್ಚದೆ ಮಲಗಿಬಿಡುತ್ತಿದ್ದೆ. ಭಾವನ ಮನೆಗೆ ಹೋಗುವುದೂ ಕಡಿಮೆಯಾಯಿತು. ಹೋದಾಗ, ನಿಮಗೋಸ್ಕರವೇ ಮಾಡುತ್ತಿದ್ದೇವೆ, ಇನ್ನು ಚೆನ್ನಾಗಿ ಕಾಣುತ್ತದೆ ನೋಡಿ ಎಂದು ಜಂಬದಿಂದ ಹೇಳುತ್ತಿದ್ದೆ. ಅವರು ಗೋಡೆಯ ಕಡೆ ತಿರುಗಿಕೊಂಡೇ ತಲೆ ಆಡಿಸುತ್ತಿದ್ದರು.

ಕೆಲಸ ಮುಗಿಯಿತು ಅನ್ನಿಸಿದಾಗ ಒಂದು ಬೆಳಿಗ್ಗೆ ಅವರನ್ನು ಆಫೀಸಿಗೆ ಕರೆದುಕೊಂಡು ಬಂದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಯಜಮಾನರು ತಾವೇ ಕುರ್ಚಿ ಎಳೆದು ಕೊಟ್ಟರು, ಹುಲ್ಲಪ್ಪ ಪಕ್ಕದಲ್ಲಿ ನಿಂತ. ನಾನು ಕೀ ಒತ್ತಿದೆ. ಹುಲ್ಲೆಲ್ಲ ಹೋಯಿತು. ಕುಂಬಳಕಾಯಿ ಗಾತ್ರದ ಗುರುತುಗಳು ಸ್ಕ್ರೀನಿನ ಮೇಲೆ ನಿಂತವು. ಕೋಣೆಯ ಆಚೆ ಮೂಲೆಯಿಂದಲೂ ಗೊತ್ತಾಗುವಷ್ಟು ತಿಳಿಯಾಗಿತ್ತು.

ಭಾವ ಮೌಸ್ ಹಿಡಿದು ಕುದುರೆಪಡೆಯನ್ನು ನೆಟ್ಟಗೆ ಹೊಳೆಯೊಳಗೆ ಇಳಿಸಿದರು. ಪಡೆಯೆಲ್ಲ ಮುಳುಗಿತು. ಹೊಸ ನಾಡು, ರೂಢಿಯಿಲ್ಲ ಎಂದು ಇನ್ನೊಂದು ಸಲ ಶುರು ಮಾಡಿಸಿದೆವು. ಮತ್ತೆ ಅದೇ ಹೊಳೆ. ಹೊಳೆ ದಾಟುವ ಜಾಗ ಬೇರೆ ಇದೆ ಸರ್ ಎಂದು ಹುಲ್ಲಪ್ಪ ವಿವರಿಸಲು ಹೋದ. ಭಾವನ ಮುಖ ಸ್ಕ್ರೀನಿನ ಕಡೆ ಇರಲೇ ಇಲ್ಲ, ಯಾವಾಗಿನ ಹಾಗೆ ಗೋಡೆಗೆ ತಿರುಗಿತ್ತು. ಅವರು ಮೌಸಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ಚೆನ್ನಾಗಿ ಕಾಣಲ್ಲ ಕಣಮ್ಮ,” ಎಂದರು.

“ಯಾವುದು ಭಾವ? ಹೇಳಿ, ಇನ್ನೂ ದೊಡ್ಡದು ಮಾಡ್ತೀವಿ.”

“ಯಾವುದೂ.”

ನನಗೆ ಆಗ ಅರ್ಥವಾಯಿತು. ಯಜಮಾನರಿಗೂ ಹುಲ್ಲಪ್ಪನಿಗೂ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಭಾವ ಬೇರೆಯವರ ವಿಷಯ ಹೇಳುವ ಹಾಗೆ ಹೇಳಿದರು. ಅಕ್ಕ ಹೋಗುವುದಕ್ಕೆ ಮುಂಚೆಯೇ ಶುರುವಾದದ್ದಂತೆ. ಎರಡೂ ಕಣ್ಣಿನಲ್ಲಿ ನಡುವಿನ ನೋಟ ಹೋಗಿದೆ, ನೇರ ನೋಡಿದರೆ ಹೊಗೆ, ಅಂಚಿನಲ್ಲಿ ಮಾತ್ರ ಚೂರು ಉಳಿದಿದೆ. ಕಣ್ಣಿನ ಡಾಕ್ಟರು ಇದು ಬೆಳೆಯುತ್ತದೆ, ವಾಸಿಯಾಗುವುದಿಲ್ಲ ಎಂದಿದ್ದಾರೆ.

“ಅವತ್ತು ನಿಮ್ಮ ಯಜಮಾನ್ರಿಗೆ ಅದನ್ನೇ ಹೇಳಿದ್ದು,” ಎಂದರು. “ಇವರು ಕೈ ಹಿಡ್ಕೊಂಡು, ಮುಂದಿನ ಭಾಗಕ್ಕೆ ಸರಿ ಮಾಡ್ತೀವಿ ಅಂದ್ರು. ನನ್ನ ಕಣ್ಣನ್ನ ಇವರು ಹೇಗಪ್ಪ ಸರಿ ಮಾಡ್ತಾರೆ ಅಂತ ಸುಮ್ನೆ ಬಂದ್ಬಿಟ್ಟೆ.”

ಯಜಮಾನರು ತಲೆ ತಗ್ಗಿಸಿದರು. ನನಗೆ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ.

“ಹೇಳ್ತಾನೇ ಇದ್ನಲ್ಲ. ನೀನು ಪ್ರತಿ ಸಲ, ಆಯ್ತು ಭಾವ, ಮಾಡ್ತಿದ್ದೀವಿ ಅಂತಿದ್ದೆ. ಬಿಡಿಸಿ ಹೇಳೋಣ ಅಂದ್ರೆ ಯಾವಾಗ್ಲೂ ದಣಿದು ಬಂದಿರ್ತಿದ್ದೆ.” ಹಾಗೆ ಹೇಳುವಾಗ ಇನ್ನಷ್ಟು ಪಕ್ಕಕ್ಕೆ ತಿರುಗಿದರು. “ಬೇಜಾರು ಮಾಡ್ಕೋಬೇಡ. ಈ ಕಡೆ ತಿರುಗಿದ್ರೆ ನಿನ್ನ ಮುಖ ಅಷ್ಟೋ ಇಷ್ಟೋ ಕಾಣುತ್ತೆ.”

ಇಷ್ಟು ದಿನ ಅವರು ಮುಖ ತಿರುಗಿಸುತ್ತಿದ್ದದ್ದು ನನ್ನನ್ನು ನೋಡುವುದಕ್ಕೆ. ನನಗೆ ಅಳು ಬಂತು. ಆಫೀಸು, ಯಜಮಾನರು ಎಂದು ನೋಡದೆ ಅತ್ತುಬಿಟ್ಟೆ. ಅವರೆಲ್ಲ ಚಂದ ಎಂದುಕೊಂಡರು, ನಾನು ಸ್ಪಷ್ಟ ಎಂದುಕೊಂಡು ಅವರನ್ನು ನೋಡಿ ನಕ್ಕೆ. ಆ ಮನುಷ್ಯ ತನ್ನ ಕಣ್ಣಿನ ಮಾತಾಡುತ್ತಿದ್ದದ್ದು ಒಬ್ಬರ ಕಿವಿಗೂ ಬೀಳಲಿಲ್ಲ.

ಹಾಗಾದರೆ ದಿನಾ ಸಂಜೆ ಗೆಳೆಯರನ್ನು ಸೋಲಿಸುವುದು ಹೇಗೆ ಎಂದು ಹುಲ್ಲಪ್ಪ ಮೆಲ್ಲಗೆ ಕೇಳಿದ. ಆರನೆಯದರ ನಾಡು ಬಾಯಿಪಾಠ ಎಂದರು ಭಾವ. ಹೊಳೆ ಎಲ್ಲಿ ತಿರುಗುತ್ತದೆ, ದಿಬ್ಬ ಎಲ್ಲಿ ಏರುತ್ತದೆ ಎಂದು ಕೈಗೆ ಗೊತ್ತು. ಕರೆಂಟು ಹೋದರೆ ನಮ್ಮ ಮನೆಯಲ್ಲಿ ನಾವು ಗೋಡೆಗೆ ಡಿಕ್ಕಿ ಹೊಡೆಯುತ್ತೇವೆಯೇ? ದಂಡಿನ ಬಣ್ಣ ಕಣ್ಣಂಚಿನಲ್ಲಿ ಹೊಳೆದರೆ ಸಾಕು. ಹೊಸ ನಾಡನ್ನು ಕಲಿಯುವಷ್ಟು ಕಣ್ಣು ಉಳಿದಿಲ್ಲ. ಗೆಳೆಯರಿಗೆ ಇದು ತಿಳಿಯಬಾರದು ಎಂದು ನಮ್ಮ ಮೂವರಿಂದಲೂ ಮಾತು ತೆಗೆದುಕೊಂಡರು.

“ಗೊತ್ತಾದ್ರೆ ಪಾಪ ಅಂತ ಸೋತು ಕೊಡ್ತಾರೆ. ಆಮೇಲೆ ಅಲ್ಲಿ ನನಗೇನು ಕೆಲಸ?”

ಆರನೆಯದನ್ನು ಮುಚ್ಚಬೇಡಿ ಎಂದು ಯಜಮಾನರ ಕಾಲು ಹಿಡಿಯಲೂ ನಾನು ತಯಾರಿದ್ದೆ. ಅದರಿಂದ ಉಪಯೋಗವಿರಲಿಲ್ಲ. ಗೆಳೆಯರು ಹೊಸದಕ್ಕೆ ಹೋದ ಮೇಲೆ ಹಳೆಯದರಲ್ಲಿ ಭಾವ ಒಬ್ಬರೇ ಕೂತು ಯಾರ ಜೊತೆ ಕಾದಾಡಬೇಕು? ಅಷ್ಟರಲ್ಲಿ ಹುಲ್ಲಪ್ಪ ಒಂದು ಸ್ಟೂಲು ಎಳೆದುಕೊಂಡು ಭಾವನ ಮುಂದೆ ಕೂತ. ಹಳೇ ನಾಡಿನಲ್ಲಿ ಹೊಳೆ ದಾಟಿದ ಮೇಲೆ ದಿಬ್ಬ ಎಷ್ಟು ದೂರ ಸರ್ ಎಂದು ಕೇಳಿದ. ಆರನೆಯದರ ನೆಲವನ್ನು ಹಾಗೇ ಎತ್ತಿ ಏಳನೆಯದರೊಳಗೆ ಇಡುತ್ತೇನೆ, ಮೇಲೆ ನನ್ನ ಹುಲ್ಲಿರಲಿ, ಕೆಳಗೆ ಒಂದು ಕಲ್ಲೂ ಕದಲುವುದಿಲ್ಲ ಎಂದ. ಯಜಮಾನರು ಮೀಟಿಂಗ್ ಇಲ್ಲದೆ ಒಪ್ಪಿಕೊಂಡ ಮೊದಲನೇ ವಿಷಯ ಅದು.

ಆಮೇಲಿನ ವಾರಗಳಲ್ಲಿ ಅವನು ಆಫೀಸು ಬಿಟ್ಟ ಮೇಲೆ ಲ್ಯಾಪ್‌ಟಾಪ್ ಹಿಡಿದು ಭಾವನ ಮನೆಗೆ ಹೋಗುತ್ತಿದ್ದ. ಒಂದು ತಿರುವು ಚೂರು ಮುಂಚೆ ಬಂದಿದೆ, ಒಂದು ದಿಬ್ಬ ತೀರ ಚೂಪಾಗಿದೆ ಎಂದು ಭಾವ ಕರಡು ತಿದ್ದುವವರ ಹಾಗೆ ತಪ್ಪು ಹೇಳುತ್ತಿದ್ದರು. ಅವನು ತುಟಿ ಪಿಟಕ್ ಎನ್ನದೆ ತಿದ್ದುತ್ತಿದ್ದ. ನನ್ನ ಗುರುತುಗಳ ಬಣ್ಣವನ್ನು ಕಣ್ಣಂಚಿಗೆ ಹೊಳೆಯುವ ಹಾಗೆ ನಾನು ಬದಲಿಸಿದೆ. ಇನ್ನು ಜಗಳವಾಡುವ ಶಕ್ತಿ ನಮ್ಮಿಬ್ಬರಿಗೂ ಇರಲಿಲ್ಲ.

ಬಿಡುಗಡೆಯ ದಿನ ಮಧ್ಯಾಹ್ನ ಆರನೆಯದು ಮುಚ್ಚಿತು. ಸಂಜೆ ನಾನು ಭಾವನ ಪಕ್ಕ ಕೂತಿದ್ದೆ. ನನಗೂ ಕೇಳಲಿ ಎಂದು ಅವರು ಹೆಡ್‌ಫೋನಿನ ಬದಲು ಸ್ಪೀಕರ್ ಹಾಕಿ, ಮೇಜಿನ ಮೇಲೆ ಪುಟ್ಟ ಮೈಕು ಇಟ್ಟುಕೊಂಡಿದ್ದರು. ಗೆಳೆಯರಿಬ್ಬರೂ ಬಂದರು. ನೆಲ ಹಳೆಯದೇ ಎಂದು ಇಬ್ಬರಿಗೂ ಹೊಳೆಯಲಿಲ್ಲ, ಹುಲ್ಲು ಅಷ್ಟು ಮೋಡಿ ಮಾಡಿತ್ತು. ಕ್ಷೌರದ ಅಂಗಡಿಯವರು ಕೋಟೆ ಕಟ್ಟುವುದನ್ನೇ ಮರೆತರು. ಯುದ್ಧ ನಾಳೆ ಮಾಡೋಣ, ಇವತ್ತು ನೋಡುತ್ತ ಕೂತುಬಿಡೋಣ ಎಂದರು ಪೋಸ್ಟ್‌ಮಾಸ್ಟರು.

“ನಿಮಗೆ ಹೇಗನ್ಸುತ್ತೆ ಅಣ್ಣ?” ಎಂದು ಅಂಗಡಿಯವರು ಕೇಳಿದರು. “ಏನೂ ಮಾತಾಡ್ತಿಲ್ಲ.”

“ಚೆನ್ನಾಗಿ ಕಾಣುತ್ತೆ,” ಎಂದರು ಭಾವ. ತಕ್ಷಣ ಮೈಕಿನ ಮೇಲೆ ಅಂಗೈ ಮುಚ್ಚಿ, ಗೋಡೆಯ ಕಡೆ ತಿರುಗಿ, ನನಗೆ ಪಿಸುಗುಟ್ಟಿದರು: “ಹೇಗಿದೆ, ಬೇಗ ಹೇಳು. ಕೇಳ್ತಾರೆ.”

ನಾನು ಕೀ ಒತ್ತಿ ಸಾದಾ ನೋಟ ತೆಗೆದು, ಹುಲ್ಲು ಬಂದ ಮೇಲೆ ಸ್ಕ್ರೀನು ನೋಡಿದೆ. ಮೂರು ವರ್ಷ ಬೈದಿದ್ದೇ ಬಂತು, ಒಂದು ಎಸಳನ್ನೂ ಸರಿಯಾಗಿ ನೋಡಿರಲಿಲ್ಲ.

“ಮೊಣಕಾಲೆತ್ತರ ಇದೆ ಭಾವ. ಬುಡದಲ್ಲಿ ಹಸಿರು, ತುದಿ ಒಣಗಿ ಹೊಂಬಣ್ಣ. ದಿಬ್ಬದ ಮೇಲಿಂದ ಗಾಳಿ ಇಳೀತಾ ಇದೆ, ಹುಲ್ಲು ಸಾಲಾಗಿ ಬಾಗ್ತಾ ಬಂದು ಹೊಳೆ ಹತ್ರ ನಿಲ್ಲುತ್ತೆ.”

ಭಾವ ಅಂಗೈ ತೆಗೆದರು. ಬುಡ ಹಸಿರಾಗಿದ್ದರೂ ತುದಿ ಒಣಗಿರುವುದನ್ನು ನೋಡಿದಿರಾ ಎಂದು ಗೆಳೆಯರನ್ನು ಕೇಳಿದರು.

“ಹೌದಲ್ಲ,” ಎಂದರು ಅಂಗಡಿಯವರು. “ನಾನು ಗಮನಿಸಿರ್ಲಿಲ್ಲ. ನಿಮ್ಮ ಕಣ್ಣು ಭಾರಿ ಚುರುಕು ಬಿಡಿ.”

ಭಾವ ನಕ್ಕರು. ಮತ್ತೆ ಮೈಕಿನ ಮೇಲೆ ಅಂಗೈ ಮುಚ್ಚಿ, ಇನ್ನೇನಿದೆ ಹೇಳು ಎಂದರು. ನಾನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಹೇಳುತ್ತ ಹೋದೆ.